ಅಜ್ಜಿಯ ಬದುಕನ್ನು ಬರೆದಿಡುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ಹಿರಿಯ ಅಜ್ಜಿಯ ಬದುಕನ್ನು ದಾಖಲಿಸಿಡಬೇಕೆಂದು ಹೊರಟವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಎತ್ತಿಕೊಂಡಿದ್ದೇವೆ.

ನಮ್ಮ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1-1-1938 ಎಂದಿದೆ. ಅವರು ಮಾತ್ರ “ತಾರಣ ಸಂವತ್ಸರ, ಮಾಘ ಮಾಸದಾಗೆ ಹುಟ್ಟಿದ್ದು ಅಂತ ನಮ್ಮವ್ವ ಹೇಳ್ತಿದ್ಲು” ಅನ್ನುತ್ತಾರೆ. ಯಾವುದನ್ನು ನಂಬುವುದು? (ತಿಪಟೂರು)

ಜನವರಿ 1 ಎಂದು ಕಂಡರೆ ಅದು ಅಂದಾಜಿನ ದಿನ ಎಂದೇ ಇಟ್ಟುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಜೂನ್ 1, ಜುಲೈ 1 ಎಂದಿದ್ದರೂ ಅಷ್ಟೇ. ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಮೇಷ್ಟ್ರು ಹಾಕಿದ ದಿನ ಅದಾಗಿರುವುದೇ ಹೆಚ್ಚು. ಸಂವತ್ಸರದ ಹೆಸರು ತಾಯಿಯ ಬಾಯಿಂದ ಬಂದದ್ದು. ಹಾಗಾಗಿ ಅದಕ್ಕೆ ತೂಕ ಹೆಚ್ಚು, ಆದರೆ ಲೆಕ್ಕ ಸರಿಯಾಗಿ ಹಾಕಬೇಕು.

ಅರವತ್ತು ಸಂವತ್ಸರಗಳ ಈ ಹಿಂದಿನ ಸುತ್ತು 1927ರ ಯುಗಾದಿಯಂದು ಪ್ರಭವದಿಂದ ಶುರುವಾಯಿತು. ಸಂವತ್ಸರದ ಕ್ರಮಸಂಖ್ಯೆಗೆ 1926 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ತಾರಣ ಹದಿನೆಂಟನೆಯದು, ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿಯವರೆಗೆ. ಇದೇ ಲೆಕ್ಕದಲ್ಲಿ ಭಾವ 1934–35, ವಿಕ್ರಮ 1940–41, ಚಿತ್ರಭಾನು 1942–43, ಸರ್ವಜಿತು 1947–48. ಎಲ್ಲರೂ ಎಡವುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಮಾಘ, ಫಾಲ್ಗುಣ ಬರುವುದು ಇಂಗ್ಲಿಷ್ ಹೊಸ ವರ್ಷ ಕಳೆದ ಮೇಲೆ. ಆದ್ದರಿಂದ ನಿಮ್ಮ ಅಜ್ಜಿಯ ಮಾಘ 1944ರದ್ದಲ್ಲ, 1945ರದ್ದು. ತಿಥಿ, ವಾರ, ನಕ್ಷತ್ರ ಮೂರೂ ನೆನಪಿದ್ದರೆ ಆ ವರ್ಷದ ಪಂಚಾಂಗ ನೋಡಿ ದಿನವನ್ನೇ ಹಿಡಿಯಬಹುದು. ಆದರೆ ನಮ್ಮ ಹಿರಿಯರಿಗೆ ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ. “ಗುರುವಾರ ಬೆಳಗಿನ ಜಾವ ಮೂರು ಗಂಟೆಗೆ” ಹುಟ್ಟಿದ್ದು ಎಂದರೆ ಕ್ಯಾಲೆಂಡರಿನಲ್ಲಿ ಅದು ಶುಕ್ರವಾರ ಆಗಿರಬಹುದು. ವಾರ ಒಂದು ದಿನ ತಪ್ಪಿತೆಂದು ಇಡೀ ಲೆಕ್ಕವನ್ನು ಬಿಸಾಕಬೇಡಿ.

ಈಗ 1938 ಮತ್ತು 1945, ಏಳು ವರ್ಷದ ಅಂತರ. ಇದನ್ನು ಬಿಡಿಸಲು ಊರಿಗೇ ಗೊತ್ತಾದ ಘಟನೆಗಳನ್ನು ಹಿಡಿಯಿರಿ. ಗಾಂಧೀಜಿ ತೀರಿಕೊಂಡದ್ದು 1948ರ ಜನವರಿ 30. ಅಜ್ಜಿ ಆಗ ಹತ್ತು ವರ್ಷದವರೋ, ಮೂರು ವರ್ಷದವರೋ? ಶಾಲೆಗೆ ರಜೆ ಕೊಟ್ಟದ್ದು, ಊರಲ್ಲಿ ಯಾರು ಬಂದು ಸುದ್ದಿ ಹೇಳಿದರು ಎಂಬುದೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳಿದರೆ 1945 ಹೊಂದುವುದಿಲ್ಲ. ಆಗ ಸಂವತ್ಸರದ ಹೆಸರು ತಂಗಿಯದ್ದೋ ತಮ್ಮನದ್ದೋ ಅದಲುಬದಲಾಗಿರಬಹುದು; ಹೀಗಾಗುವುದು ಬಹಳ ಸಾಮಾನ್ಯ. “ತಮ್ಮ ಹುಟ್ಟಿದಾಗ ನೀವು ತೊಟ್ಟಿಲು ತೂಗ್ತಿದ್ರಾ, ಇಲ್ಲ ನೀವೇ ಇನ್ನೂ ಅವ್ವನ ಸೊಂಟದ ಮೇಲಿದ್ರಾ?” ಎಂದು ಕೇಳಿದರೆ ಅಂತರ ಎರಡು ವರ್ಷವೋ ಆರು ವರ್ಷವೋ ತಿಳಿಯುತ್ತದೆ.

ಹಳೆ ಮೈಸೂರಿನವರಿಗೆ 1940ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು, 1947ರ ಸೆಪ್ಟೆಂಬರ್–ಅಕ್ಟೋಬರಿನ ಮೈಸೂರು ಚಲೋ ಚಳವಳಿ ಒಳ್ಳೆಯ ಗುರುತುಗಳು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ಹೊಸಪೇಟೆ, ಕೊಪ್ಪಳ ಭಾಗಕ್ಕೆ 1953ರ ತುಂಗಭದ್ರಾ ಅಣೆಕಟ್ಟೆ. ಮದುವೆಯ ವರ್ಷ ಹಿಡಿಯಲು ದುಡ್ಡು ತುಂಬ ಸಹಾಯಕ್ಕೆ ಬರುತ್ತದೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ಮದುವೆಯ ಮುಯ್ಯಿಯನ್ನು ಆಣೆಯಲ್ಲಿ ಹೇಳಿದರೆ ಒಂದು ಸುಳಿವು ಸಿಕ್ಕಿತು. ಆದರೆ ನಾಲ್ಕಾಣೆ, ಎಂಟಾಣೆ ಎಂಬ ಮಾತು ಆಮೇಲೂ ದಶಕಗಟ್ಟಲೆ ಉಳಿಯಿತು, ಅವೆರಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರಾಣೆ, ಆರು ಕಾಸು ಎಂದರೆ ನಂಬಬಹುದು. ಈಚಿನ ಕಾಲಕ್ಕೆ 1980ರ ಫೆಬ್ರವರಿ 16ರ ಸೂರ್ಯಗ್ರಹಣ ಇದೆ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದ ಪಟ್ಟಿಯಲ್ಲಿ ಪೂರ್ಣವಾಗಿ ಕತ್ತಲಾಗಿತ್ತು. ಆ ಮಧ್ಯಾಹ್ನ ಬಾಗಿಲು ಹಾಕಿ ಒಳಗೆ ಕೂತಾಗ ಮಡಿಲಲ್ಲಿ ಯಾವ ಮಗು ಇತ್ತು ಎಂದು ಕೇಳಿ ನೋಡಿ.

ಸಿಕ್ಕ ಉತ್ತರವನ್ನು “1945, ಮಾಘ (ತಾಯಿ ಹೇಳಿದ್ದು), ಆಧಾರ್‌ನಲ್ಲಿ 1938” ಎಂದು ಎರಡನ್ನೂ ಬರೆದಿಡಿ. ಪಿಂಚಣಿ, ಬ್ಯಾಂಕಿನ ಕಾಗದಗಳಿಗೆ ಆಧಾರ್‌ನ ದಿನವೇ ಇರಲಿ. ಮನೆಯ ಪುಸ್ತಕಕ್ಕಾಗಿ ಅದನ್ನು ತಿದ್ದಿಸಲು ಹೋಗುವುದು ಬೇಡ.

ಆಯಿಗೆ ಈಗ 88. ಫೋನು ಮುಂದಿಟ್ಟು “ನಿನ್ನ ಜೀವನದ ಬಗ್ಗೆ ಹೇಳು” ಅಂದರೆ “ನಂದೇನೈತಿ ಕಥಿ, ಎಲ್ಲಾರ್ಹಂಗ ನಾನೂ” ಅಂದು ಸುಮ್ಮನಾಗುತ್ತಾರೆ. ಮಾತಾಡಿಸುವುದು ಹೇಗೆ? (ಧಾರವಾಡ)

“ಜೀವನ” ಎಂಬ ಪ್ರಶ್ನೆಗೆ ಯಾರಿಂದಲೂ ಉತ್ತರ ಬರುವುದಿಲ್ಲ. ಹಿರಿಯರ ನೆನಪು ಕೂತಿರುವುದು ಜಾಗದಲ್ಲಿ, ಕೆಲಸದಲ್ಲಿ, ಸಾಮಾನಿನಲ್ಲಿ. ಇಸವಿ ಹುಡುಕುವುದು ನಮ್ಮ ಕೆಲಸ, ಅವರದ್ದಲ್ಲ. ಮೊದಲ ದಿನ ಒಂದು ದೊಡ್ಡ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಅವರ ತವರುಮನೆಯ ನಕ್ಷೆ ಬರೆಯಲು ಕೂಡಿ. “ಕಟ್ಟಿ ಹತ್ತಿ ಒಳಗ ಬಂದ್ರ ಮೊದಲು ಏನು? ಪಡಸಾಲಿ ಎಡಕ್ಕಿತ್ತೋ ಬಲಕ್ಕೋ? ದನಾ ಎಲ್ಲಿ ಕಟ್ಟತಿದ್ರಿ? ನೀರಿನ ಹಂಡೆ? ರಾತ್ರಿ ಯಾರು ಎಲ್ಲಿ ಮಲಗತಿದ್ರು?” ನೀವು ಬೇಕೆಂದೇ ಒಂದು ಗೋಡೆಯನ್ನು ತಪ್ಪಾಗಿ ಬರೆದರೂ ಸರಿ, ಅವರು ಪೆನ್ಸಿಲ್ ಕಸಿದುಕೊಂಡು ತಿದ್ದುತ್ತಾರೆ. ಯಾರು ಎಲ್ಲಿ ಮಲಗುತ್ತಿದ್ದರು ಎಂಬ ಒಂದೇ ಪ್ರಶ್ನೆಯಿಂದ ಮನೆಯಲ್ಲಿದ್ದವರ ಪೂರ್ತಿ ಪಟ್ಟಿ ಬರುತ್ತದೆ. ವಿಧವೆಯಾಗಿ ತವರಿಗೆ ಮರಳಿದ ಅತ್ತೆ, ಓದಲು ಬಂದಿದ್ದ ದೂರದ ಸಂಬಂಧಿಯಂಥವರ ಹೆಸರು ವಂಶವೃಕ್ಷದಲ್ಲಿ ಎಲ್ಲೂ ಇರುವುದಿಲ್ಲ. ಅವರು ಸಿಗುವುದು ಹೀಗೆಯೇ.

ಎರಡನೇ ದಿನ ಒಂದು ದಿನಚರಿ ಕೇಳಿ, ಮದುವೆಯಾಗಿ ಬಂದ ಹೊಸದರಲ್ಲಿ ಕೋಳಿ ಕೂಗಿದಾಗಿನಿಂದ ದೀಪ ಆರಿಸುವವರೆಗೆ. ಒಂದು ದಿನ ಬೀಸುವ ಕಲ್ಲಿನ ಮುಂದೆ ಕೂಡಿಸಿ. ಬೀಸುವ ಪದ ಹೇಳು ಎಂದರೆ ಎರಡು ಸಾಲಿಗೆ ನಿಲ್ಲುತ್ತದೆ. ಕೈ ಗೂಟ ಹಿಡಿದು ತಿರುಗಿಸಲು ಶುರು ಮಾಡಿದರೆ ಪದ ತಾನಾಗಿ ಬರುತ್ತದೆ. ಕಲ್ಲು ಈಗ ತಿರುಗದಿದ್ದರೆ ಬರಿಗೈಯಲ್ಲಿ ಆ ಚಲನೆ ಮಾಡಿದರೂ ಸಾಕು.

ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ ಎಂಬ ಕಟ್ಟುಪಾಡು ಇದ್ದರೆ ಒತ್ತಾಯ ಮಾಡಬೇಡಿ, ಬೇರೆಯವರಿಂದ ಕೇಳಿ ಬರೆದುಕೊಳ್ಳಿ. ಹಾಗೆಯೇ ನಿಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಿಸುವ ವಾಡಿಕೆ ಇದ್ದೀತು. ತವರಿನ ಹೆಸರನ್ನು ಮೊದಲೇ ಕೇಳಿಟ್ಟುಕೊಳ್ಳದಿದ್ದರೆ ಅವರ ಶಾಲೆಯ ದಾಖಲೆ ಹುಡುಕುವಾಗ ಸಿಗುವುದಿಲ್ಲ. ಮುಂಬಯಿ ಪ್ರಾಂತ್ಯದ ಕಾಲದ ಶಾಲೆಯಾದರೆ “ಮುಲ್ಕಿ ಪಾಸಾಗಿದ್ದೆ” ಎಂದಾರು; ಅದು ಏಳನೇ ತರಗತಿಯ ಪರೀಕ್ಷೆ.

ಧ್ವನಿಮುದ್ರಣಕ್ಕೆ ಫೋನು ಧಾರಾಳ ಸಾಕು. ಅವರ ಬಾಯಿಂದ ಒಂದರಿಂದ ಎರಡು ಅಡಿ ದೂರದಲ್ಲಿ, ಮಡಿಸಿದ ಟವೆಲಿನ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಬಳೆ, ಲೋಟದ ಸದ್ದು ಗುಡುಗಿನಂತೆ ಕೇಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಫ್ಯಾನು ಆರಿಸಿ. ಒಂದು ನಿಮಿಷ ಮಾತಾಡಿಸಿ, ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಶುರುವಿನಲ್ಲೇ ದಿನಾಂಕ, ಊರು, ಯಾರು ಯಾರು ಇದ್ದೀರಿ ಎಂದು ನೀವೇ ಹೇಳಿ. ಬೆಳಗಿನ ತಿಂಡಿ ಆದ ಮೇಲೆ 40 ನಿಮಿಷ ಒಳ್ಳೆಯ ಹೊತ್ತು. ಅದಕ್ಕಿಂತ ಹೆಚ್ಚಾದರೆ ದಣಿದು “ಹ್ಞೂಂ, ಹೌದು” ಎಂಬಲ್ಲಿಗೆ ಬರುತ್ತಾರೆ. ಉತ್ತರ ಬರುವುದು ತಡವಾದರೆ ಸುಮ್ಮನೆ ಹತ್ತೆಣಿಸಿ. ಆ ಮೌನದೊಳಗೆ ಇನ್ನೊಂದು ಪ್ರಶ್ನೆ ತುರುಕುವುದರಿಂದ ಹಾಳಾದಷ್ಟು ಸಂದರ್ಶನಗಳು ಬೇರೆ ಯಾವುದರಿಂದಲೂ ಹಾಳಾಗುವುದಿಲ್ಲ.

ಒಂದು ಗಂಟೆಯ, ಕುಗ್ಗಿಸದ ಮೊನೊ ವೇವ್ ಫೈಲು (44.1 ಕಿಲೋಹರ್ಟ್ಸ್, 16 ಬಿಟ್) ಸುಮಾರು 320 ಎಂಬಿ, ಕುಗ್ಗಿಸಿದ 128 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 58 ಎಂಬಿ. ಮಾತಿಗೆ ಎಂಪಿ3 ನಡೆಯುತ್ತದೆ, ಹಾಡಿಗೆ ವೇವ್ ಇರಲಿ. ಫೈಲಿನ ಹೆಸರನ್ನು ಅವತ್ತೇ “ಇಸವಿ-ತಿಂಗಳು-ದಿನ-ವಿಷಯ” ಎಂದು ಬದಲಿಸಿ. ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಸಂಬಂಧಿಕರ ಹತ್ತಿರ.

1970–80ರ ದಶಕದ ಆಲ್ಬಮ್ಮಿನಲ್ಲಿ ಅಮ್ಮಮ್ಮನ ಫೋಟೋಗಳು ಅಂಟಿಕೊಂಡು ಕೂತಿವೆ. ಮದುವೆ ಫೋಟೋ ಫ್ರೇಮಿನ ಗಾಜಿಗೇ ಹತ್ತಿಕೊಂಡಿದೆ. ಮಳೆಗಾಲ ಬಂದರೆ ಬೂಸ್ಟು ಬೇರೆ. (ಸಾಗರ)

ಗಾಜಿಗೆ ಹತ್ತಿದ್ದನ್ನು ಎಳೆಯಬೇಡಿ. ಫೋಟೋದ ಮೇಲ್ಪದರದ ಜೆಲಾಟಿನ್ ತೇವ ಹೀರಿ ಗಾಜಿಗೆ ಅಂಟಿರುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಫ್ರೇಮು ಬಿಚ್ಚಿ, ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಗಾಜು ಸಮೇತ ಸ್ಕ್ಯಾನರ್ ಮೇಲಿಡಿ. ಮತ್ತೆ ಫ್ರೇಮು ಹಾಕುವಾಗ ಗಾಜನ್ನೂ ಹಾಗೆಯೇ ಬಿಡಿ.

ಆಲ್ಬಮ್ಮು ಅಂಟುಪಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದಾದರೆ, ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೆಯೇ ಫೋಟೋ ತೆಗೆದುಕೊಳ್ಳಿ. ಯಾವ ಫೋಟೋ ಯಾವುದರ ಪಕ್ಕ ಇತ್ತು ಎಂಬುದರಿಂದ ಎಷ್ಟೋ ಸಲ ಇಸವಿ ಸಿಗುತ್ತದೆ. ಆಮೇಲೆ ಹಲ್ಲುಜ್ಜುವ ಫ್ಲಾಸ್ ದಾರ ತೆಗೆದುಕೊಂಡು, ಫೋಟೋದ ಒಂದು ಮೂಲೆಯಲ್ಲಿ ಅಡಿಗೆ ತೂರಿಸಿ, ಗರಗಸ ಎಳೆದ ಹಾಗೆ ಅತ್ತಿತ್ತ ಮೆಲ್ಲಗೆ ಆಡಿಸುತ್ತ ಇನ್ನೊಂದು ಮೂಲೆಗೆ ಬನ್ನಿ. ದಾರ ಪುಟಕ್ಕೆ ಒತ್ತಿಕೊಂಡಿರಲಿ, ಫೋಟೋವನ್ನು ಬಗ್ಗಿಸಬೇಡಿ. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ನೀರು, ಹಬೆ, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ.

ಸ್ಕ್ಯಾನ್ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ). ಎರಡೂವರೆ × ಮೂರೂವರೆ ಇಂಚಿನ ಫೋಟೋ ಆಗ 1500×2100 ಪಿಕ್ಸೆಲ್ ಬರುತ್ತದೆ, 5×7 ಇಂಚಿಗೆ ಚೆನ್ನಾಗಿ ಅಚ್ಚಾಗುತ್ತದೆ. ಪಾಸ್‌ಪೋರ್ಟ್ ಅಳತೆಯದಕ್ಕೆ 1200 ಡಿಪಿಐ ಬೇಕು. ಕಪ್ಪು-ಬಿಳುಪು ಫೋಟೋವನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿ, ಕಲೆ ತೆಗೆಯುವಾಗ ಅನುಕೂಲ. ಹಿಂಬದಿಯನ್ನೂ ಬಿಡಬೇಡಿ, ಸ್ಟುಡಿಯೋದ ಮೊಹರು ಅಲ್ಲೇ ಇರುತ್ತದೆ. ಹೆಸರು ಬರೆಯುವುದಿದ್ದರೆ ಹಿಂದೆ, ಅಂಚಿನಲ್ಲಿ, ಮೆತ್ತನೆ ಪೆನ್ಸಿಲಿನಿಂದ. ಬಾಲ್ ಪೆನ್ನಿನ ಗೆರೆ ಮುಂದಕ್ಕೆ ಎದ್ದು ಕಾಣುತ್ತದೆ.

ಬೂಸ್ಟು ಹಿಡಿದವನ್ನು ಉಳಿದವುಗಳಿಂದ ಬೇರೆ ಮಾಡಿ, ಒಣಹವೆಯ ದಿನ ನೆರಳಿನಲ್ಲಿ ಗಾಳಿಗಿಟ್ಟು, ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ಕೊಡವಿ. ಹಸಿಯಿರುವಾಗ ಒರೆಸಿದರೆ ಬೂಸ್ಟು ಇನ್ನಷ್ಟು ಒಳಗಿಳಿಯುತ್ತದೆ. ಮಲೆನಾಡಿನಲ್ಲಿ ಹೊರಗೋಡೆಗೆ ತಾಗಿದ ಬೀರು ಬೇಡವೇ ಬೇಡ; ಒಳಗೋಡೆಯ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಪೊಟ್ಟಣಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಿ.

ಅಜ್ಜಿಯ ಸಾರಿನ ಪುಡಿ ಬರೆದಿಟ್ಟುಕೊಳ್ಳಬೇಕು. ಕೇಳಿದರೆ ಎಲ್ಲಾ “ಕಣ್ಣಳತೆ” ಅನ್ನುತ್ತಾರೆ. ಹೇಳಿದಂತೆ ಮಾಡಿದರೂ ಆ ರುಚಿ ಬರುವುದಿಲ್ಲ. (ಮಂಡ್ಯ)

ಅವರ ಕೈ ತಡೆಯಬೇಡಿ, ಡಬ್ಬಿಗಳನ್ನು ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಧನಿಯಾ, ಜೀರಿಗೆ, ಮೆಂತ್ಯ, ಮೆಣಸು, ಮೆಣಸಿನಕಾಯಿ ಡಬ್ಬಿಗಳನ್ನು ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಗಿದರೆ ವ್ಯತ್ಯಾಸವೇ ಅಳತೆ. ಅವರು ಎಂದಿನಂತೆ ಹಿಡಿ ಹಿಡಿಯಾಗಿ ಹಾಕಿಕೊಳ್ಳಲಿ. ಮೆಂತ್ಯದಂಥ ಕಡಿಮೆ ತೂಕದ್ದಕ್ಕೆ ಮಾತ್ರ ಒಂದು ಗ್ರಾಂ ಗುರುತಿಸುವ ತಕ್ಕಡಿ ಬೇಕು. ಮೆಣಸಿನಕಾಯಿಯನ್ನು ತೊಟ್ಟು ಸಮೇತ ತೂಗಿದ್ದೋ ತೊಟ್ಟು ಬಿಡಿಸಿ ತೂಗಿದ್ದೋ ಬರೆದುಕೊಳ್ಳಿ, ಬ್ಯಾಡಗಿಯೋ ಗುಂಟೂರೋ ಎಂಬುದನ್ನೂ.

ರುಚಿ ತಪ್ಪುವುದು ಹೆಚ್ಚಾಗಿ ಅಳತೆಯಿಂದಲ್ಲ, ಹುರಿಯುವುದರಿಂದ. ಯಾವುದು ಮೊದಲು, ಯಾವುದಕ್ಕೆ ಎಣ್ಣೆ, ಯಾವುದು ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಬರೆಯಿರಿ. ಬಾಣಲೆಯನ್ನು ಮೇಲಿಂದ ವಿಡಿಯೋ ಮಾಡಿ. ಮೆಂತ್ಯ ಕೆಂಪು ದಾಟಿ ಕಂದಾದರೆ ಇಡೀ ಪುಡಿ ಕಹಿ. ಅವರು ಒಲೆಯಿಂದ ಇಳಿಸುವ ಆ ಕ್ಷಣದಲ್ಲಿ “ಈಗ ಯಾಕೆ ಇಳಿಸಿದ್ರಿ?” ಎಂದು ಕೇಳಿ. “ವಾಸನೆ ಬಂತಲ್ಲ” ಎಂಬ ಉತ್ತರವೂ ಉತ್ತರವೇ, ಪಕ್ಕದಲ್ಲಿ ನಿಮಿಷ ಬರೆದರಾಯಿತು.

ಪಾವು, ಸೇರು ಎಂದು ಹೇಳಿದರೆ ಪುಸ್ತಕದ ಕೋಷ್ಟಕ ನೋಡಬೇಡಿ. ಸೇರಿಗೆ ನಾಲ್ಕು ಪಾವು ಎಂಬುದೇನೋ ನಿಜ, ಆದರೆ ಸೇರೇ ಸೀಮೆಯಿಂದ ಸೀಮೆಗೆ ಬೇರೆ. ಮನೆಯಲ್ಲಿರುವ ಅದೇ ಪಾವಿಗೆ ಅಕ್ಕಿ ತುಂಬಿ, ಕೈಯಿಂದ ಸಮ ಸವರಿ ತೂಗಿ. ಗೋಪುರವಾಗಿ ತುಂಬುವುದು ಅವರ ರೂಢಿಯಾದರೆ ಹಾಗೆಯೇ ತುಂಬಿ ತೂಗಿ.

ಒಂದೇ ಸಂಗತಿಯನ್ನು ಅಜ್ಜಿ ಒಂದು ರೀತಿ, ಅವರ ತಂಗಿ ಇನ್ನೊಂದು ರೀತಿ ಹೇಳುತ್ತಾರೆ. ಮನೆಯ ಹಳೆಯ ಕಾಗದಗಳೋ ಉರ್ದುವಿನಲ್ಲಿವೆ. (ರಾಯಚೂರು)

ಎರಡನ್ನೂ ಬರೆಯಿರಿ, ಯಾರು ಯಾವ ದಿನ ಹೇಳಿದ್ದು ಎಂದು ಸೇರಿಸಿ. ಒಬ್ಬರ ಮುಂದೆ ಇನ್ನೊಬ್ಬರನ್ನು ತಿದ್ದಬೇಡಿ. 1956ಕ್ಕೆ ಮೊದಲು ನಿಮ್ಮದು ಹೈದರಾಬಾದಿಗೆ (ಮೊದಲು ನಿಜಾಮರ ಸಂಸ್ಥಾನ, ಆಮೇಲೆ ರಾಜ್ಯ) ಸೇರಿದ ಸೀಮೆ, ಕಂದಾಯದ ಕಾಗದ ಉರ್ದುವಿನಲ್ಲಿರುವುದು ಸಹಜ. ಓದಿಸುವಾಗ ಇಸವಿಯನ್ನು ವಿಶೇಷವಾಗಿ ಕೇಳಿ. ಅಲ್ಲಿ ಫಸಲಿ (ಕಂದಾಯದ ಲೆಕ್ಕದ) ವರ್ಷ ಇದ್ದರೆ ಇಸವಿಗಾಗಿ ಸುಮಾರು 590 ಕೂಡಿಸಬೇಕು. ರೂಪಾಯಿಯೂ ಸಂಸ್ಥಾನದ್ದೇ ಹಾಲಿ ಸಿಕ್ಕಾ ಆಗಿರಬಹುದು. ಮೊತ್ತವನ್ನು ಹಾಗೆಯೇ ಬರೆದು “ಹಾಲಿ” ಎಂದು ಗುರುತು ಹಾಕಿ.

ಅಮ್ಮಮ್ಮನಿಗೆ ಹುಟ್ಟಿ ತೀರಿಹೋದ ಮಕ್ಕಳಿದ್ದರು ಎಂದು ಕೇಳಿದ್ದೇವೆ. ಈ ವಿಷಯ ಎತ್ತಬಹುದೇ? (ಉಡುಪಿ)

ಎತ್ತಬಹುದು, ಆದರೆ ಮೊದಲ ದಿನವಲ್ಲ, ಸೊಸೆಯಂದಿರು, ಮೊಮ್ಮಕ್ಕಳು ಸುತ್ತ ಕೂತಿರುವಾಗಲೂ ಅಲ್ಲ. ಕೇಳುವವರು ಹೆಣ್ಣುಮಗಳಾದರೆ ಒಳ್ಳೆಯದು. “ಎಷ್ಟು ಮಕ್ಕಳು?” ಎಂದರೆ ಬದುಕಿರುವವರ ಲೆಕ್ಕವೇ ಬರುತ್ತದೆ. “ಎಷ್ಟು ಬಾಣಂತನ ಆಯ್ತು ನಿಮಗೆ?” ಎಂದು ಕೇಳಿ, ಪ್ರತಿಯೊಂದೂ ಯಾವ ಮನೆಯಲ್ಲಾಯಿತು, ಯಾರು ಹೆರಿಗೆ ಮಾಡಿಸಿದರು ಎಂದು ಮುಂದುವರಿಯಿರಿ. ಹೆಸರಿಟ್ಟಿದ್ದರೆ ಆ ಹೆಸರು ವಂಶವೃಕ್ಷದಲ್ಲಿ ಬರಲಿ. ಆ ಮಕ್ಕಳನ್ನು ಅವರು ಹೆತ್ತಿದ್ದಾರೆ, ಕೇಳುವವರಿಲ್ಲದೆ ಸುಮ್ಮನಿದ್ದಾರೆ ಅಷ್ಟೇ. ಕಣ್ಣೀರು ಬಂದರೆ ರೆಕಾರ್ಡಿಂಗ್ ಆರಿಸಿ ಪಕ್ಕದಲ್ಲಿ ಕೂತಿರಿ. ಪುಸ್ತಕದಲ್ಲಿ ಹಾಕಬಹುದೋ ಬೇಡವೋ ಎಂಬುದು ಅವರ ನಿರ್ಧಾರ. ಬೇಡವೆಂದರೆ ಬೇಡ.

ವೈಕುಂಠ ಸಮಾರಾಧನೆಗೆ ಹಂಚಲು ಒಂದು ಪುಟದ ನೆನಪಿನ ಬರಹ ಬೇಕು. ಏನು ಬರೆಯುವುದು? (ಹಾಸನ)

ಮುನ್ನೂರು ಪದ ಸಾಕು. ಪೂರ್ಣ ಹೆಸರು, ತವರು, ತಂದೆ-ತಾಯಿ, ಹುಟ್ಟಿದ ಮತ್ತು ತೀರಿಕೊಂಡ ದಿನ ಎರಡು ಸಾಲಿನಲ್ಲಿ ಮುಗಿಯಲಿ. ತೀರಿಕೊಂಡ ದಿನದ ಮಾಸ, ಪಕ್ಷ, ತಿಥಿಯನ್ನೂ ಬರೆಯಿರಿ, ಮುಂದೆ ಪ್ರತಿ ವರ್ಷ ಶ್ರಾದ್ಧಕ್ಕೆ ಬೇಕಾಗುವುದು ಅದೇ. ಉಳಿದ ಜಾಗವನ್ನೆಲ್ಲ ಅವರು ಮಾಡಿದ ಕೆಲಸಕ್ಕೆ ಕೊಡಿ. “ಮಮತಾಮಯಿ, ಸಹನಾಮೂರ್ತಿ” ಎಂದು ಬರೆದರೆ ಅದು ಯಾರ ಅಜ್ಜಿಗೂ ಹೊಂದುತ್ತದೆ. “ಬಸ್ಸು ತಪ್ಪಿಸಿಕೊಂಡು ಬಂದ ಮಕ್ಕಳಿಗೆಂದು ಸಂಜೆ ಅರ್ಧ ಸೇರು ಅಕ್ಕಿ ಹೆಚ್ಚಿಗೆ ಇಡುತ್ತಿದ್ದರು” ಎಂಬಂಥ ಒಂದು ಸಾಲು ಹುಡುಕಿ, ಅದು ಅವರಿಗೆ ಮಾತ್ರ ಹೊಂದುತ್ತದೆ. ಅಚ್ಚಿಗೆ ಕೊಡುವ ಮೊದಲು ತವರಿನ ಕಡೆಯವರೊಬ್ಬರಿಗೆ ಓದಿಸಿ. ಬಿಟ್ಟುಹೋಗುವ ಹೆಸರುಗಳು ಸಾಮಾನ್ಯವಾಗಿ ಆ ಕಡೆಯವೇ, ಮನಸ್ತಾಪ ಹುಟ್ಟುವುದೂ ಅಲ್ಲಿಯೇ.

ಬರೆದದ್ದನ್ನು ಐವತ್ತು ಪ್ರತಿ ಪುಸ್ತಕ ಮಾಡಿಸಬೇಕೆಂದಿದ್ದೇವೆ. (ದಾವಣಗೆರೆ)

ಡೆಮಿ 1/8 ಅಳತೆ (ಐದೂವರೆ × ಎಂಟೂವರೆ ಇಂಚು), 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ) ಕಾಗದ, ಡಿಜಿಟಲ್ ಮುದ್ರಣ. ಐವತ್ತು ಪ್ರತಿಗೆ ಆಫ್‌ಸೆಟ್ ದುಬಾರಿ. ನಡುವೆ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರಿಂದ ಭಾಗವಾಗಬೇಕು, 60ರ ಒಳಗಿದ್ದರೆ ಚೆಂದ. ಅಕ್ಷರ 14 ಪಾಯಿಂಟ್ ಇರಲಿ, ಓದುವವರಲ್ಲಿ ಅರ್ಧ ಮಂದಿ ಅಜ್ಜಿಯ ಓರಗೆಯವರು. ಟೈಪ್ ಮಾಡುವುದು ಯೂನಿಕೋಡಿನಲ್ಲೇ. ಹಳೆಯ ನುಡಿ ಆಸ್ಕಿ ಫಾಂಟಿನ ಫೈಲು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಪರಿವರ್ತಿಸಿದ್ದರೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಅಜ್ಜಿಯ ಮಾತನ್ನು ಗ್ರಾಂಥಿಕಕ್ಕೆ ತಿದ್ದಬೇಡಿ. ನಿಮ್ಮ ನಿರೂಪಣೆ ಶಿಷ್ಟದಲ್ಲಿರಲಿ, ಅವರ ಮಾತು ಅವರ ಮಾತಿನಲ್ಲೇ ಇರಲಿ.

ಅಜ್ಜಿ ಹೋಗಿ ಆರು ವರ್ಷವಾಯಿತು. ಯಾವ ರೆಕಾರ್ಡಿಂಗೂ ಇಲ್ಲ. ಈಗ ಏನಾದರೂ ಮಾಡಲು ಸಾಧ್ಯವೇ? (ಚಿಕ್ಕಮಗಳೂರು)

ಖಂಡಿತ ಸಾಧ್ಯ. ಅಟ್ಟದಿಂದ ಶುರು ಮಾಡಿ. ಹಿತ್ತಾಳೆ, ಸ್ಟೀಲು ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಅಂಚು ಮತ್ತು ತಳ ನೋಡಿ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಕೊಟ್ಟ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಊರು, ಎಷ್ಟೋ ಸಲ ತಾರೀಖನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ಸವೆದು ಕಾಣದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಉಳಿದ ಗೆರೆಯೂ ಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಸವರಿ, ಮೇಲಿನದನ್ನು ಒರೆಸಿ ತೆಗೆಯಿರಿ. ಚುಕ್ಕಿಗಳಲ್ಲಿ ಪುಡಿ ಉಳಿದು ಅಕ್ಷರ ಬೆಳ್ಳಗೆ ಏಳುತ್ತದೆ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಾತ್ರೆಯ ಮೈಗೆ ಸಮನಾಗಿ, ಪಕ್ಕದಿಂದ ಹಿಡಿದು ಫೋಟೋ ತೆಗೆದುಕೊಳ್ಳಿ.

ಆಮೇಲೆ ಕಾಗದಗಳು. ಇನ್‌ಲ್ಯಾಂಡ್ ಪತ್ರದಲ್ಲಿ ತಾರೀಖು ಬರೆಯದಿದ್ದರೂ ಅಂಚೆಯ ಮುದ್ರೆಯಲ್ಲಿ ಊರು, ದಿನ ಎರಡೂ ಸಿಗುತ್ತವೆ. ಮದುವೆಯ ಮುಯ್ಯಿ ಪುಸ್ತಕ ಸಿಕ್ಕಿದರೆ ಅದರಲ್ಲಿ ಅವತ್ತು ಬಂದವರೆಲ್ಲರ ಹೆಸರಿರುತ್ತದೆ. ಈ ಎರಡರಿಂದ ಒಂದು ಪಟ್ಟಿ ಮಾಡಿ, ಅದರಲ್ಲಿ ಇನ್ನೂ ಇರುವವರನ್ನು ವಯಸ್ಸಿನ ಕ್ರಮದಲ್ಲಿ, ಹಿರಿಯರಿಂದ ಮೊದಲ್ಗೊಂಡು, ಪಾತ್ರೆಯ ಫೋಟೋ ಹಿಡಿದುಕೊಂಡೇ ಹೋಗಿ ಕಾಣಿ. “ಅಜ್ಜಿ ಹೇಗಿದ್ದರು?” ಎಂದು ಕೇಳಬೇಡಿ, “ಈ ತಂಬಿಗೆ ನಿಮ್ಮ ಮನೆಯವರು ಯಾವಾಗ ಕೊಟ್ಟದ್ದು?” ಎಂದು ಕೇಳಿ.